ದಳಪತಿ ನಡೆದ ಒಂದು ಮನೆ

ಪೂಣಚ್ಚನವರ ಗಾಜಿನ ಬೀರುವಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಸೀಸದ ಸಿಪಾಯಿಗಳ ಸಾಲೊಂದಿತ್ತು. ಅದರಲ್ಲಿ ಒಬ್ಬ ಸಿಪಾಯಿ ಕಳೆದುಹೋದಾಗ, ಸಾಲು ಬೋಳಾಗಿ ಕಾಣದಿರಲೆಂದು ಅವರು ಆ ಜಾಗದಲ್ಲಿ ಚದುರಂಗದ ಮರದ ಕಾಲಾಳನ್ನು ನಿಲ್ಲಿಸಿದರು. ಸೀಸದ ದಳಪತಿಗೆ ಮೈಯೆಲ್ಲ ಉರಿಯಿತು.

"ಏಯ್, ಬಣ್ಣಗೇಡಿ, ಸಾಲು ಬಿಟ್ಟು ಇಳಿ! ನನ್ನನ್ನು ನೋಡು. ನೂರಮೂವತ್ತು ವರ್ಷವಾದರೂ ಮೈಮೇಲೆ ಒಂದು ಗೀರಿಲ್ಲ."

"ನಿಜ ಸ್ವಾಮಿ," ಎಂದಿತು ಕಾಲಾಳು. "ಅಷ್ಟು ವರ್ಷದಲ್ಲಿ ತಾವು ಎಷ್ಟು ಮನೆ ಮುಂದಕ್ಕೆ ನಡೆದಿರಿ?"

ಅಷ್ಟರಲ್ಲಿ ಬೀರುವಿನ ಬಾಗಿಲು ತೆರೆಯಿತು. "ನನ್ನ ಕಾಲಾಳನ್ನು ನಿಮ್ಮ ಸೈನ್ಯಕ್ಕೆ ಸೇರಿಸಿಕೊಂಡಿರಲ್ಲ, ಬದಲಿಗೆ ಇವನು ನನ್ನ ಸೈನ್ಯಕ್ಕೆ!" ಎಂದು ಗಂಡನನ್ನು ಗದರಿದ ಚೋಂದಮ್ಮ, ದಳಪತಿಯನ್ನೇ ಎತ್ತಿ ಚದುರಂಗದ ಮಣೆಯ ಮೇಲಿಟ್ಟರು.

ಆಟ ಕಾವೇರಿದಾಗ ಅವನ ಸರದಿಯೂ ಬಂತು. ಠೀವಿಯಿಂದ ಒಂದು ಮನೆ ಮುಂದಕ್ಕೆ ನಡೆದ. ಬಿಟ್ಟರೆ ಆಟ ಕೈತಪ್ಪುತ್ತದೆಂದು ಎದುರಿಗೆ ಕೂತು ಆಡುತ್ತಿದ್ದ ಪೂಣಚ್ಚನವರೇ ಕುದುರೆ ನಡೆಸಿ ಅವನನ್ನು ಹೊಡೆದುರುಳಿಸಿದರು.

ಬೀರುವಿಗೆ ಮರಳಿದಾಗ ಅವನ ಟೋಪಿಯ ಬಣ್ಣ ಚಕ್ಕೆಯೆದ್ದಿತ್ತು. ಸಿಪಾಯಿಗಳು ಗಾಬರಿಯಿಂದ, "ಸೋತಿರಾ, ಸ್ವಾಮಿ?" ಎಂದರು.

"ಸೋತೆ! ನಡೆದು ಸೋತೆ!" ಎಂದು ದಳಪತಿ ಎದೆಯುಬ್ಬಿಸಿದ. ಆಮೇಲೆ ಕಾಲಾಳಿನ ಕಡೆ ತಿರುಗಿ ಮೆಲ್ಲಗೆ ಬೇಡಿಕೊಂಡ: "ಕಾಲಾಳಪ್ಪನವರೇ, ನಾಳೆಯೂ ಆಟವಿದೆಯಂತೆ. ದಯವಿಟ್ಟು ತಾವು ಈ ಸಾಲು ಬಿಟ್ಟು ಕದಲಬೇಡಿ."