ಏಣಿ ಎಳೆದವಳು

"ಅವ್ವಾ, ನಿನ್ನೆ ಹೊಳೆಯಲ್ಲಿ ಅಂಬಿಗ ಮುಳುಗುತ್ತಿದ್ದಾಗ ನಾನು ಧುಮುಕಲು ಹೊರಟಿದ್ದೆ. ನೀವು ನನ್ನ ರಟ್ಟೆ ಹಿಡಿದವರು ಬಿಡಲೇ ಇಲ್ಲ. ಕರುಣೆ ಉಕ್ಕಿದವನನ್ನು ತಡೆಯುವುದು ಯಾವ ಧರ್ಮ?"

ಕೇಳಿದವನು ಶಿಷ್ಯ. ಅಂಬಿಗನ ಹೆಣ ಇನ್ನೂ ಸಿಕ್ಕಿರಲಿಲ್ಲ.

"ನಿನಗೆ ಈಜು ಬರುತ್ತದೆಯೇ?" ಎಂದು ಗುರುತಾಯಿ ಕೇಳಿದರು.

"ಇಲ್ಲ. ಕರುಣೆ ಹುಟ್ಟಲು ಈಜು ಬರಬೇಕೇ?"

"ಹುಟ್ಟಲು ಬೇಡ. ಕೂತುಕೋ. ನಾನು ತಿರುಗಿದ ಸೀಮೆಗಳಲ್ಲಿ ಒಂದರಲ್ಲಿ ಕೇಳಿದ್ದನ್ನು ಹೇಳುತ್ತೇನೆ."

ಒಬ್ಬ ತೋಟಿಗನಿದ್ದ. ಅವನಿಗೆ ಹೆಂಡತಿ, ಬೆಳೆದುನಿಂತ ಇಬ್ಬರು ಗಂಡುಮಕ್ಕಳು. ಹೊಲದಲ್ಲಿ ಜೋಳ ಬೆಳೆಯುತ್ತಿದ್ದ. ಬಾವಿಯ ಸುತ್ತ ಕಪ್ಪು ದ್ರಾಕ್ಷಿಯ ಚಪ್ಪರವಿತ್ತು. ದ್ರಾಕ್ಷಿ ಎಲ್ಲ ಒಟ್ಟಿಗೇ ಹಣ್ಣಾಗುತ್ತಿತ್ತು. ತಿಂದಷ್ಟು ತಿಂದು, ಹಂಚಿದಷ್ಟು ಹಂಚಿ, ಉಳಿದದ್ದನ್ನು ಗಿಳಿಗಳಿಗೆ ಬಿಡುತ್ತಿದ್ದರು.

ಒಮ್ಮೆ ದೂರದ ಸೀಮೆಯ ಒಬ್ಬ ವರ್ತಕ ಅವರ ಜಗಲಿಯಲ್ಲಿ ತಂಗಿದ. ಕೊಳೆಯುತ್ತಿದ್ದ ಹಣ್ಣನ್ನು ಕಂಡು ಅವನಿಗೆ ಸಂಕಟವಾಯಿತು. ಅದರಿಂದ ಮದ್ಯ ಮಾಡುವ ಬಗೆಯನ್ನು ಕಲಿಸಿಕೊಟ್ಟ. ಹಣ್ಣನ್ನು ತೊಳೆಯಬೇಡಿ, ಕಾಲಿನಿಂದ ತುಳಿಯಿರಿ, ಸಿಪ್ಪೆ ಸಮೇತ ಮಣ್ಣಿನ ಹರವಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ. ಬೆಂಕಿಯಿಲ್ಲದೆ ರಸ ತಾನೇ ಕುದಿಯುತ್ತದೆ. ಸಿಪ್ಪೆ ಮೇಲಕ್ಕೆ ಬರುತ್ತದೆ. ದಿನವೂ ಕೋಲಿನಿಂದ ಅದನ್ನು ಒಳಕ್ಕೆ ಅದುಮಿ. ಹೀಗೆ ವರ್ತಕ ಎಲ್ಲವನ್ನೂ ಹೇಳಿದ. ಹರವಿಯನ್ನು ಎಲ್ಲಿಡಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಅವನ ಸೀಮೆಯಲ್ಲಿ ಗಾಳಿಯಾಡುವ ಚಪ್ಪರದ ಕೆಳಗೆ ಇಡುತ್ತಿದ್ದರು. ಬೇರೆ ಕಡೆ ಇಡುವವರೂ ಇರುತ್ತಾರೆಂದು ಅವನಿಗೆ ಹೊಳೆಯಲಿಲ್ಲ.

ತೋಟಿಗನ ಊರು ಬಿಸಿಲಿಗೆ ಸುಡುವ ಊರು. ಮೊದಲ ವರ್ಷ ಹಿತ್ತಲಲ್ಲಿಟ್ಟ ರಸ ಹುಳಿಯಾಗಿ ಹೋಯಿತು. ಹೆಂಡತಿ ಅದನ್ನು ಉಪ್ಪಿನಕಾಯಿಗೆ ಸುರಿದಳು. ಮರುವರ್ಷ ಅವನ ಕಣ್ಣು ಮನೆಯ ಮುಂದಿನ ಹಗೇವಿನ ಮೇಲೆ ಬಿತ್ತು. ಹಗೇವೆಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕೋಣೆ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಬಂಡಿ ಹಿಡಿಸುವಷ್ಟು. ಸುಡುಬೇಸಿಗೆಯಲ್ಲೂ ಒಳಗೆ ತಂಪು.

"ಉಣ್ಣುವ ಜೋಳ ಇಡುವ ಜಾಗಕ್ಕೆ ಕುಡಿಯುವುದನ್ನು ಇಳಿಸುತ್ತೀರಲ್ಲ, ಏನನ್ನಬೇಕು ನಿಮಗೆ?" ಎಂದಳು ಹೆಂಡತಿ.

"ಜೋಳ ಉಂಡು ಹಾಡಿದವರನ್ನು ನಾನಂತೂ ಕಂಡಿಲ್ಲ ಕಣೇ," ಎಂದ ತೋಟಿಗ.

ಆ ವರ್ಷ ಎರಡೇ ಹರವಿ ಇಳಿಸಿದ. ರಸ ಚೆನ್ನಾಗಿ ಬಂತು. ಅಕ್ಕಪಕ್ಕದವರು ಕುಡಿದು ಹಾಡಿದರು. ಮೂರನೆಯ ವರ್ಷ ಹಗೇವಿನ ತುಂಬ ಹರವಿ ಇಳಿಸಿದ.

ಹಗೇವಿಗೆ ಇಳಿಯಲು ಒಂದು ಪದ್ಧತಿ ಉಂಟು. ಮುಚ್ಚಿಟ್ಟ ಕಾಳು ಒಳಗೆ ಕೆಟ್ಟ ಗಾಳಿ ಬಿಡುತ್ತದೆ. ಅದಕ್ಕೆ ಬೆಳಿಗ್ಗೆ ಬಾಯಿಗೆ ಮುಚ್ಚಿದ ಚಪ್ಪಡಿ ಸರಿಸಿ, ಹೊತ್ತು ಇಳಿದ ಮೇಲೆ ಒಳಗೆ ಕಾಲಿಡಬೇಕು. ಅಜ್ಜ ಹಾಗೆ ಮಾಡಿದ್ದ, ಅಪ್ಪ ಹಾಗೆ ಮಾಡಿದ್ದ, ಯಾರೂ ಸತ್ತಿರಲಿಲ್ಲ. ತೋಟಿಗನೂ ಹಾಗೆಯೇ ಮಾಡಿದ. ಅವನು ಅವಸರಗೇಡಿಯಲ್ಲ, ತಿಳಿಯದವನೂ ಅಲ್ಲ. ಆದರೆ ಅವನಿಗೆ ತಿಳಿದಿದ್ದುದು ಜೋಳದ ವಿಷಯ. ಜೋಳದ ಉಸಿರು ಒಮ್ಮೆ ಹೋದರೆ ಹೋಯಿತು. ಕುದಿಯುವ ದ್ರಾಕ್ಷಿ ಹಾಗಲ್ಲ. ಅದು ಉಸಿರು ಬಿಡುತ್ತಲೇ ಇರುತ್ತದೆ, ಆ ಉಸಿರು ಮೇಲೇಳದೆ ತಳದಲ್ಲೇ ತುಂಬಿಕೊಳ್ಳುತ್ತದೆ.

ಸಿಪ್ಪೆ ಅದುಮಲು ತೋಟಿಗ ಕೋಲು ಹಿಡಿದು ಏಣಿ ಇಳಿದ. ಕೋಲು ಬಿದ್ದ ಸದ್ದು ಕೇಳಿಸಿತು. ಹೆಂಡತಿ ಕರೆದಳು. ಉತ್ತರ ಬರಲಿಲ್ಲ. ಹಿರಿಯ ಮಗ ಓಡಿ ಬಂದ. "ಅಪ್ಪ ಅಲ್ಲೇ ಕೂತು ರುಚಿ ನೋಡಿರಬೇಕು, ತಡಿಯವ್ವ," ಎಂದು ನಗುತ್ತಲೇ ಇಳಿದ. ಒಂದು ಸಲ ಕೆಮ್ಮಿದ. ಆಮೇಲೆ ಅವನೂ ಸುಮ್ಮನಾದ.

ಕಿರಿಯವನು ದೂರದಲ್ಲಿ ಹೊಲದ ಕಡೆಯಿಂದ ಓಡಿ ಬರುವುದು ತಾಯಿಗೆ ಕಾಣಿಸಿತು. ಒಳಗೆ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಬಾಯಿದ್ದ ಇಬ್ಬರು ಗಂಡಸರು ಇಳಿದರು, ಒಬ್ಬನೂ ಕೂಗಲಿಲ್ಲ. ಅಷ್ಟು ಮಾತ್ರ ಗೊತ್ತಿತ್ತು. ಅವಳು ಏಣಿಯನ್ನು ಮೇಲಕ್ಕೆಳೆದು ಬಾವಿಗೆ ಎಸೆದಳು. ತಿರುಗಿ ಬಂದು ಹಗೇವಿನ ಬಾಯಿಯ ಮೇಲೆ ಅಡ್ಡಲಾಗಿ ಬಿದ್ದುಕೊಂಡಳು.

"ಏಳವ್ವ! ಅಣ್ಣ ಒಳಗಿದ್ದಾನೆ!"

"ಗೊತ್ತು."

"ಹುಚ್ಚು ಹಿಡಿದಿದೆಯೇನು ನಿನಗೆ? ಅಲ್ಲಿ ಅಪ್ಪ ಸಾಯುತ್ತಿದ್ದಾನೆ!"

"ಗೊತ್ತು ಕಣೋ. ನೀನು ಇಳಿಯಬೇಡ."

ಮಗ ಅವಳ ತುರುಬು ಹಿಡಿದು ಎಳೆದ. ಬೆನ್ನಿಗೆ ಒದ್ದ. ಅವಳು ಕಲ್ಲಿನ ಅಂಚನ್ನು ಬಿಡಲಿಲ್ಲ. ಕೂಗು ಕೇಳಿ ಊರು ನೆರೆಯಿತು. "ಗಂಡ, ಮಗ ಒಳಗಿರುವಾಗ ಏಣಿ ಎಳೆದಳಂತೆ! ಇವಳು ಹೆಂಗಸೋ ಮಾರಿಯೋ?" ಎಂದರು. ತಾವೇ ಇಳಿಯುತ್ತೇವೆಂದು ಇಬ್ಬರು ಕಚ್ಚೆ ಬಿಗಿದರು.

"ಯಾರೂ ಇಳಿಯಬೇಡಿ. ಪಾತಾಳಗರಡಿ ತನ್ನಿ," ಎಂದಳು.

ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತುವ ಆ ಕಬ್ಬಿಣದ ಕೊಕ್ಕೆಗಳನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟರು. ಕತ್ತಲಲ್ಲಿ ತಡಕಾಡಿ, ಹರವಿ ಒಡೆದು, ತಪ್ಪಿ, ಮತ್ತೆ ಬಿಟ್ಟು, ಕೊನೆಗೆ ತಂದೆಯನ್ನೂ ಮಗನನ್ನೂ ಉಟ್ಟ ಬಟ್ಟೆಗೆ ಕೊಕ್ಕೆ ಸಿಕ್ಕಿಸಿ ಎಳೆದರು. ಇಬ್ಬರೂ ಸತ್ತಿದ್ದರು. ಒಬ್ಬ ಮುದುಕ ಹಿರಿಯ ಮಗನ ಎದೆಯ ಮೇಲೆ ಕೈಯಿಟ್ಟು, "ಇನ್ನೂ ಬೆಚ್ಚಗಿದೆಯಲ್ಲಪ್ಪ," ಎಂದ. ಆಡಬಾರದಿದ್ದ ಮಾತು. ಆಡಿದ, ಎಲ್ಲರೂ ಕೇಳಿಸಿಕೊಂಡರು.

ತಂದೆಯನ್ನು ತರಲು ಹೋಗಿ ಸತ್ತ ಹಿರಿಯ ಮಗನಿಗೆ ಊರವರು ಕಲ್ಲು ನಿಲ್ಲಿಸಿದರು, ಹಬ್ಬಕ್ಕೆ ಹಾರ ಹಾಕಿದರು. ತಾಯಿಗೂ ಒಂದು ಹೆಸರು ಕೊಟ್ಟರು: ಏಣಿ ಎಳೆದವಳು. ಊರ ಬಾವಿಕಟ್ಟೆಯಲ್ಲಿ ಅವಳು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಳ್ಳುತ್ತಿದ್ದರು. ಇಳಿಯಲು ಕಚ್ಚೆ ಬಿಗಿದಿದ್ದ ಆ ಇಬ್ಬರ ಹೆಂಡಂದಿರೂ ಅವರಲ್ಲಿದ್ದರು.

ಕಿರಿಯವನು ಚಪ್ಪರ ಕಡಿದ. ಮನೆಯ ನಡುವೆ ಗೋಡೆ ಎಬ್ಬಿಸಿ ಬೇರೆ ಒಲೆ ಹೂಡಿದ. ಗೋಡೆ ಮುಗಿದ ದಿನ ತಾಯಿಗೆ, "ನನ್ನನ್ನು ಬಿಟ್ಟಿದ್ದರೆ ಅಣ್ಣನನ್ನಾದರೂ ತರುತ್ತಿದ್ದೆ," ಎಂದ. ಅವಳು, "ಇರಬಹುದು," ಎಂದಳು. ಅವರಿಬ್ಬರ ನಡುವೆ ಅದೇ ಕೊನೆಯ ಮಾತು. ಅವನಿಗೆ ಮದುವೆಯಾಯಿತು, ಮಕ್ಕಳಾದರು, ಮಕ್ಕಳಿಗೆ ಮಕ್ಕಳಾದರು. ಅವರ ನಗು, ಅಳು, ಜಗಳ ಎಲ್ಲವನ್ನೂ ಮುದುಕಿ ಗೋಡೆಯ ಈಚೆಯಿಂದ ಕೇಳಿದಳು. ಅವಳು ಸತ್ತಾಗ ಅವನು ಮಣ್ಣು ಹಾಕಲು ಬಂದ. ಊರವರ ಜೊತೆ ಬಂದ, ಊರವರ ಜೊತೆ ಹೋದ.

ಗುರುತಾಯಿ ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತನ್ನ ರಟ್ಟೆಯನ್ನು ಸವರಿಕೊಂಡ. ಆಮೇಲೆ ಕೇಳಿದ: "ಅವಳು ಸತ್ತ ಮೇಲಾದರೂ ಆ ಮಗನಿಗೆ ತಿಳಿಯಿತೇ, ಅವ್ವಾ? ತಾನು ಯಾರಿಂದ ಬದುಕಿದ್ದೇನೆ ಎಂದು?"

"ತಿಳಿಯಲಿ ಎಂದು ಅವಳು ಏಣಿ ಎಳೆದಿರಲಿಲ್ಲ."