ಕಾಡುಮೇಕೆಯ ಕಡಗ

ಚೆನ್ನಬೀರನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧಿ, ಅವ್ವ ತೀರಿಕೊಂಡು ಮೂರು ವರ್ಷವಾಯಿತು. ಜಪಕ್ಕೆ ಕೂತರೂ ಅವಳದೇ ಹಂಬಲ. ಹೇಗಾದರೂ ಇದನ್ನು ನನ್ನಿಂದ ಬಿಡಿಸಿ."

ಗುರುಗಳು ರೇಗಿದರು. "ಹಂಬಲವೇನು ಕಾಲಿಗೆ ನೆಟ್ಟ ಮುಳ್ಳೇ, ಚಿಮಟ ಹಾಕಿ ಕೀಳಲಿಕ್ಕೆ? ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

"ಹಿಂದೆ ಪರ್ಷಿಯಾ ದೇಶದ ಅಕ್ಕಸಾಲಿಗರು ಚಿನ್ನದ ಕಡಗಕ್ಕೆ ಪ್ರಾಣಿಗಳ ತಲೆ ಮಾಡುತ್ತಿದ್ದರು. ಸಿಂಹವೋ ಕಾಡುಮೇಕೆಯೋ, ತುದಿಗೊಂದು ತಲೆ. ಎರಡೂ ಎದುರುಬದುರು ನೋಡುತ್ತವೆ, ನಡುವೆ ಒಂದಿಷ್ಟು ಸಂದು. ಅದು ಅವರ ಪದ್ಧತಿ.

"ಅಲ್ಲಿನ ಒಬ್ಬ ದಳವಾಯಿ ದಂಡಿಗೆ ಹೊರಡುವಾಗ ಹೆಂಡತಿಯ ಮಣಿಕಟ್ಟಿನ ಅಳತೆಗೆ ಕಾಡುಮೇಕೆಯ ಕಡಗ ಮಾಡಿಸಿ, ತಾನೇ ತೊಡಿಸಿ ಹೋದ. ತಿರುಗಿ ಬರಲಿಲ್ಲ. ಅವಳು ಹಗಲೆಲ್ಲ ಆ ಕಡಗವನ್ನೇ ನೋಡುವಳು. ಅಷ್ಟು ಹತ್ತಿರವಿದ್ದೂ ಮೂತಿ ತಾಗಿಸಲಾರದ ಮೇಕೆಗಳನ್ನು ಕಂಡು ಮರುಗುವಳು. ಕೊನೆಗೊಂದು ದಿನ ಕಡಗ ಕಳಚಿಕೊಂಡು ಅಕ್ಕಸಾಲಿಗನ ಹತ್ತಿರ ಹೋದಳು.

"'ಅಣ್ಣಾ, ಇವೆರಡನ್ನೂ ಕೂಡಿಸಿ ಬೆಸೆದುಬಿಡು. ನಾವಂತೂ ಅಗಲಿದೆವು, ಇವಾದರೂ ಸೇರಲಿ.'

"ಅಕ್ಕಸಾಲಿಗ ಬೇಡವೆನ್ನಲು ಬಾಯಿ ತೆರೆದ. ಅವಳ ಕಣ್ಣೀರು ಕಂಡು ಮಾತು ನುಂಗಿದ. ದಾಕ್ಷಿಣ್ಯದ ಮನುಷ್ಯ. ದಾಕ್ಷಿಣ್ಯಕ್ಕೆ ಬಸಿರಾಗಬಾರದು ಎನ್ನುವುದು ಸುಮ್ಮನೆ ಅಲ್ಲ. ಬೆಸೆದುಕೊಟ್ಟ. ಗೆರೆಯೂ ಕಾಣದ ಹಾಗೆ ಎರಡು ಮೂತಿ ಒಂದಾದವು. ಅವಳಿಗೆ ಹಿಗ್ಗೋ ಹಿಗ್ಗು.

"ಅಲ್ಲಿಯೇ ತೊಡಲು ಹೋದಳು. ಕಡಗ ಬೆರಳಿನ ಗೆಣ್ಣು ದಾಟಲಿಲ್ಲ. ಎಣ್ಣೆ ಸವರಿದಳು, ಕೈ ಹಿಂಡಿ ತುರುಕಿದಳು, ಚರ್ಮ ಸುಲಿಯಿತು. 'ಕತ್ತರಿಸಲು ಹೋದರೆ ಮೇಕೆಗಳು ಉಳಿಯುವುದಿಲ್ಲ' ಎಂದ ಅಕ್ಕಸಾಲಿಗ. ಗಂಡ ತೊಡಿಸಿದ್ದು ಇನ್ನೆಂದೂ ತನ್ನ ಕೈಗೆ ಬಾರದೆಂದು ಅವಳಿಗೆ ಆಗ ತಿಳಿಯಿತು. ಕುಲುಮೆಯ ಮುಂದೆಯೇ ಕುಸಿದು ಅತ್ತಳು.

"ಅವನು ಮೆಲ್ಲಗೆ ಹೇಳಿದ: 'ತಾಯಿ, ಕೈ ಹೋಗುತ್ತಿದ್ದದ್ದೇ ಆ ಸಂದಿನಿಂದ.'"

ಇಲ್ಲಿಗೆ ಗುರುಗಳು ಕತೆ ಮುಗಿಸಿದರು. ಅವರ ಸಿಟ್ಟು ಎಲ್ಲೋ ಇಳಿದಿತ್ತು. ಶಿಷ್ಯನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು:

"ಹಂಬಲ ಬಿಡಿಸುತ್ತೇನೆ ಕಣಪ್ಪಾ, ಆಮೇಲೆ ನಿಮ್ಮವ್ವ ನಿನ್ನ ಹತ್ತಿರ ಯಾವ ದಾರಿಯಲ್ಲಿ ಬರಬೇಕು, ಹೇಳು."