ಹೂಂ ಅನ್ನದ ಅಡುಗೆಮನೆ

ನನಗೆ ಕಥೆ ನೆಟ್ಟಗೆ ಹೇಳಲು ಬಾರದು, ಕ್ಷಮಿಸಿ.

ಹೊಸಪೇಟೆಯಲ್ಲೊಂದು ಖಾನಾವಳಿ. ಗಿರಾಕಿ ಫೋನಿನಲ್ಲಿ ಊಟ ಕೇಳಿದರೆ ಕಂಪ್ಯೂಟರು ಅಡುಗೆಮನೆಗೆ ಸಂದೇಶ ಕಳಿಸುತ್ತದೆ. ಗುಮಾಸ್ತ ಉತ್ತರದ ಗುಂಡಿ ಒತ್ತಬೇಕು. ಒತ್ತದಿದ್ದರೆ, ಸಂದೇಶ ತಲುಪಲಿಲ್ಲವೆಂದು ಅದು ತಾನಾಗಿಯೇ ಮತ್ತೆ ಕಳಿಸುತ್ತದೆ. ಮಾಲೀಕ ಪಂಪಣ್ಣನ ಕಟ್ಟಪ್ಪಣೆಯೋ, "ಅಡುಗೆ ಮುಗಿಯೋ ತನಕ ಗುಂಡಿ ಮುಟ್ಟಬ್ಯಾಡ!" ಅಡುಗೆಮನೆಯೋ ಪ್ರತಿ ಸಂದೇಶವನ್ನೂ ಹೊಸ ಬೇಡಿಕೆಯೆಂದೇ ಎಣಿಸಿತು; ಹೀಗಾಗಿ ಒಬ್ಬರು ಕೇಳಿದ ಹೋಳಿಗೆ ಮತ್ತೆ ಮತ್ತೆ ಬೆಂದು ರಾಶಿ ಬಿತ್ತು.

"ಎಲ್ಲಾ ನಿನ್ನಿಂದ! ನಾಳೆಯಿಂದ ಬರಬ್ಯಾಡ," ಎಂದು ಪಂಪಣ್ಣ ಗುಮಾಸ್ತನ ಮೇಲೆ ಹಾರಾಡಿದ. "ಹೋಗೋ ಮೊದ್ಲು ಕಾಫಿ ತಾ!"

ಗುಮಾಸ್ತ ಹೂಂ ಅನ್ನದೆ ಒಳಗೆ ಹೋದ.

"ಏಯ್, ಕಾಫಿ!"

ಸದ್ದಿಲ್ಲ.

"ಕಿವಿ ಕೇಳಲ್ಲೇನಲೇ? ಕಾಫಿ!"

ಗುಮಾಸ್ತ ಮೂರು ಲೋಟ ತಂದಿಟ್ಟ.

"ಮೂರು ಯಾಕಲೇ?"

"ಮೂರು ಸಲ ಕೇಳಿದ್ರಲ್ಲ ಧಣಿ."

"ನೀನು ಹೂಂ ಅಂದಿದ್ರೆ ನಾನ್ಯಾಕಲೇ ಮತ್ತೆ ಒದರ್ತಿದ್ದೆ?"

"ಕಂಪ್ಯೂಟರೂ ಅದನ್ನೇ ಕೇಳ್ತಾ ಐತಿ ಧಣಿ."

ಪಂಪಣ್ಣ ಒಂದು ಲೋಟ ಮುಗಿಸಿ ಎರಡನೆಯದನ್ನು ಎತ್ತಿಕೊಂಡ. "ಮೊದ್ಲು ಗುಂಡಿ ಒತ್ತಿ ಹೂಂ ಅನ್ನು, ಆಮೇಲೆ ಒಲೆ ಹಚ್ಚು. ನಾಳೆ ಬೇಗ ಬಾ."

ಅಂದರೆ, ಹೂಂ ಎಂದರೆ ಅಡುಗೆ ಆಯಿತೆಂದಲ್ಲ, ಕೇಳಿಸಿತು ಎಂದಷ್ಟೇ. ಇನ್ನೂ ಬಿಡಿಸಿ ಹೇಳುವುದಾದರೆ, ಈ ಹೂಂ ಎನ್ನುವುದು... ಅಗೋ, ಒಳಗಿನಿಂದ ನನ್ನ ಮನೆಯಾಕೆ ಮತ್ತೆ ಕೂಗುತ್ತಿದ್ದಾಳೆ. ಹೂಂ ಕಣೇ, ಬಂದೆ!